ಹಾಡು, ಹಕ್ಕು, ದುಡ್ಡು: ಸಂಗೀತದವರು ಪದೇ ಪದೇ ಕೇಳುವ ಕಾನೂನಿನ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಅದಕ್ಕೂ ಮೊದಲು ಎಂಟು ವರ್ಷ ರಸಮಂಜರಿ ತಂಡಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಹಾಗಾಗಿ ಹಾಡುವವರು, ನುಡಿಸುವವರು, ಸಣ್ಣ ಸ್ಟುಡಿಯೋ ಇಟ್ಟುಕೊಂಡವರು, ಯೂಟ್ಯೂಬ್ ಚಾನೆಲ್ ನಡೆಸುವವರು ಕೈಗೆ ಏನೇ ಕಾಗದ ಬಂದರೂ ನನಗೊಂದು ಫೋನ್ ಮಾಡುತ್ತಾರೆ. ಬೇಜಾರಿನ ವಿಷಯ ಅಂದರೆ, ಹೆಚ್ಚಿನ ಫೋನ್ ಬರುವುದು ಸಹಿ ಹಾಕಿದ ಮೇಲೆ. ಅದು ಸಹಿಗೆ ಮೊದಲೇ ಬರಲಿ ಅನ್ನುವ ಆಸೆಯಿಂದ ಇದನ್ನು ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ದೊಡ್ಡ ಮೊತ್ತದ ವ್ಯವಹಾರ ಇದ್ದರಂತೂ ನಿಮ್ಮ ಕಾಗದವನ್ನು ಒಬ್ಬ ವಕೀಲರಿಗೆ ಕೊಟ್ಟು ಓದಿಸಿ.

## ಶುರುವಿನಲ್ಲೇ ತಿಳಿದಿರಬೇಕಾದದ್ದು

"ಹಾಡು ಮಾಡಿದ್ದೀನಿ ಸರ್. ಕಾಪಿರೈಟ್ ಬೇಕು ಅಂದ್ರೆ ಎಲ್ಲಿ ಅರ್ಜಿ ಹಾಕ್ಬೇಕು?"

ಅರ್ಜಿ ಹಾಕುವ ಮೊದಲೇ ಅದು ನಿಮ್ಮದಾಗಿದೆ. ಸ್ವಂತವಾಗಿ ಬರೆದ ಸಾಲಿಗೆ, ಸ್ವಂತವಾಗಿ ಕಟ್ಟಿದ ಟ್ಯೂನಿಗೆ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ರಕ್ಷಣೆ ತಾನಾಗಿ ಸಿಗುತ್ತದೆ. ಟ್ಯೂನಿಗೆ ಸ್ವರ ಬರೆದಿಡಲೇಬೇಕು ಅಂತ ಏನೂ ಇಲ್ಲ.

ನೋಂದಣಿ ಬೇರೆ ವಿಷಯ. ಅದು ಕಡ್ಡಾಯ ಅಲ್ಲ. ಆದರೆ ಜಗಳ ಬಂದಾಗ ಆ ಪ್ರಮಾಣಪತ್ರವನ್ನು ಕೋರ್ಟ್ ಮೇಲ್ನೋಟದ ಸಾಕ್ಷಿ ಎಂದು ಒಪ್ಪುತ್ತದೆ, ಸುಳ್ಳು ಅಂತ ತೋರಿಸುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಅರ್ಜಿಯನ್ನು ದೆಹಲಿಯ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಹಾಕಬಹುದು. ಸಾಹಿತ್ಯಕ್ಕೆ 500, ಟ್ಯೂನಿಗೆ 500, ರೆಕಾರ್ಡಿಂಗ್‌ಗೆ 2,000 ರೂಪಾಯಿ ಶುಲ್ಕ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ ಅಂತ 30 ದಿನ ಬಿಡುತ್ತಾರೆ.

ತನಗೆ ತಾನೇ ಅಂಚೆಯಲ್ಲಿ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟರೆ ಕಾಪಿರೈಟ್ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ. ಅದರ ಬದಲು ಮೊದಲ ಸಲ ಗುನುಗಿದ ವಾಯ್ಸ್ ನೋಟು, ರೆಕಾರ್ಡಿಂಗ್‌ನ ಪ್ರಾಜೆಕ್ಟ್ ಫೈಲು, ಸಾಹಿತ್ಯ ಕಳಿಸಿದ ಇಮೇಲ್ ಇವನ್ನು ಅಳಿಸಬೇಡಿ. ತಾರೀಖಿರುವ ಈ ಚೂರುಪಾರುಗಳೇ ಮುಂದೆ ಕೆಲಸಕ್ಕೆ ಬರುತ್ತವೆ.

"ಸಾಹಿತ್ಯ ಫ್ರೆಂಡ್‌ದು, ಟ್ಯೂನ್ ನಂದು, ಹಾಡಿದ್ದು ಇನ್ನೊಬ್ಬರು, ದುಡ್ಡು ಹಾಕಿದ್ದು ಭಾವ. ಹಾಡು ಯಾರದ್ದು?"

ಇಡೀ ಕಾನೂನಿನ ಬೀಗದ ಕೈ ಈ ಪ್ರಶ್ನೆಯಲ್ಲೇ ಇದೆ. ನಿಧಾನವಾಗಿ ಓದಿ.

ನಮ್ಮ ಕಿವಿಗೆ ಅದು ಒಂದೇ ಹಾಡು. ಕಾಯ್ದೆಯ ಕಣ್ಣಿಗೆ ಮೂರು ಸೊತ್ತು. ಸಾಹಿತ್ಯ ಒಂದು, ಅದು ಬರೆದವರದ್ದು. ಟ್ಯೂನ್ ಇನ್ನೊಂದು, ಅದು ಕಟ್ಟಿದವರದ್ದು. ಧ್ವನಿಮುದ್ರಣ ಮೂರನೆಯದು. ಇದನ್ನೇ ಮಾಸ್ಟರ್ ಅನ್ನುತ್ತೇವೆ. ಅದು ರೆಕಾರ್ಡಿಂಗ್ ಮಾಡಿಸುವ ಜವಾಬ್ದಾರಿ ಹೊತ್ತ ನಿರ್ಮಾಪಕರದ್ದು. ಹಾಡಿದವರಿಗೂ ನುಡಿಸಿದವರಿಗೂ ಈ ಮೂರರಲ್ಲಿ ಪಾಲಿಲ್ಲ, ಆದರೆ ಪ್ರದರ್ಶಕರ ಹಕ್ಕು ಅಂತ ಪ್ರತ್ಯೇಕವಾಗಿ ಒಂದು ಇದೆ.

ಹಾಗಾಗಿ ನಿಮ್ಮ ಭಾವನೇ ಮುಂದೆ ನಿಂತು ರೆಕಾರ್ಡಿಂಗ್ ಮಾಡಿಸಿದ್ದರೆ ಆ ರೆಕಾರ್ಡಿಂಗ್ ಅವರದ್ದು. ಆದರೆ ಅದಕ್ಕೆ ನಿಮ್ಮ ಟ್ಯೂನ್ ಬಳಸಲು ನಿಮ್ಮ ಒಪ್ಪಿಗೆ ಬೇಕು, ನಿಮ್ಮ ಫ್ರೆಂಡ್ ಒಪ್ಪಿಗೆಯೂ ಬೇಕು. ನಾಳೆ ನೀವು ಅದೇ ಟ್ಯೂನನ್ನು ಹೊಸದಾಗಿ ರೆಕಾರ್ಡ್ ಮಾಡಿದರೆ ಭಾವನ ರೆಕಾರ್ಡಿಂಗ್ ಮುಟ್ಟಿದ ಹಾಗೆ ಆಗುವುದಿಲ್ಲ. ಈ ಗೆರೆಗಳು ತಲೆಯಲ್ಲಿ ಸ್ಪಷ್ಟವಾದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನಿಮಗೇ ಉತ್ತರ ಹೊಳೆಯುತ್ತದೆ. ಇವತ್ತೇ ನಾಲ್ಕೂ ಜನ ಕೂತು ಯಾರದ್ದು ಏನು, ಬಂದ ದುಡ್ಡಲ್ಲಿ ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ.

"ಬಾಯಿಮಾತಲ್ಲಿ ಆಗಿದೆ, ವಾಟ್ಸಾಪಲ್ಲಿ ಓಕೆ ಅಂದಿದ್ದಾರೆ. ಸಾಲದಾ?"

ಕಾರ್ಯಕ್ರಮದ ಸಂಭಾವನೆಗಾದರೆ ಸಾಕು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ವಾಟ್ಸಾಪ್ ಸಂದೇಶವನ್ನು ಸಾಕ್ಷಿಯಾಗಿ ಕೊಡಬಹುದು, ಅದಕ್ಕೆ ಕಾನೂನು ಹೇಳಿದ ಪ್ರಮಾಣಪತ್ರ ಜೊತೆಗಿರಬೇಕು ಅಷ್ಟೇ. ಫೋನ್ ಬದಲಿಸುವಾಗ ಚಾಟ್ ಉಳಿಸಿಕೊಳ್ಳಿ.

ಆದರೆ ಕಾಪಿರೈಟನ್ನೇ ಇನ್ನೊಬ್ಬರಿಗೆ ವರ್ಗಾಯಿಸಲು ಬಾಯಿಮಾತು ನಡೆಯುವುದಿಲ್ಲ. ಬರಹ ಬೇಕು, ಸಹಿ ಬೇಕು. ಬಿಳಿ ಹಾಳೆಯಲ್ಲಿ ಬರೆದರೆ ಒಪ್ಪಂದ ಬಿದ್ದುಹೋಗುತ್ತದಾ ಅಂತ ಕೇಳುತ್ತಾರೆ. ಇಲ್ಲ. ಆದರೆ ಛಾಪಾ ಶುಲ್ಕ ಕಟ್ಟದ ಕಾಗದವನ್ನು ಕೋರ್ಟು ಶುಲ್ಕ ಮತ್ತು ದಂಡ ಕಟ್ಟಿಸಿಕೊಳ್ಳದೆ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಮೊದಲೇ ಇ-ಸ್ಟ್ಯಾಂಪ್ ಪೇಪರ್ ತಂದುಬಿಡಿ.

## ಬೇರೆಯವರ ಹಾಡು ಮುಟ್ಟುವಾಗ

"ಬೇಂದ್ರೆ, ಕುವೆಂಪು ಕವಿತೆಗೆ ನಾನು ಹೊಸ ರಾಗ ಹಾಕಬಹುದಾ?"

ಸುಗಮ ಸಂಗೀತದವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಲೆಕ್ಕ ಸುಲಭ: ಕವಿ ತೀರಿಕೊಂಡ ವರ್ಷಕ್ಕೆ 60 ಸೇರಿಸಿ, ಆ ವರ್ಷದ ಡಿಸೆಂಬರ್ 31ರವರೆಗೆ ಹಕ್ಕು ಇರುತ್ತದೆ.

ಬೇಂದ್ರೆಯವರು ಹೋದದ್ದು 1981ರಲ್ಲಿ. ಅಂದರೆ 2041ರ ಕೊನೆವರೆಗೆ ಅನುಮತಿ ಬೇಕು. ಕುವೆಂಪು 1994, ಹಾಗಾಗಿ 2054. ಕೆ.ಎಸ್. ನರಸಿಂಹಸ್ವಾಮಿ 2003, ಹಾಗಾಗಿ 2063. ಡಿವಿಜಿಯವರು 1975ರಲ್ಲಿ ಹೋದರು, ಅವರದ್ದು 2035ರವರೆಗೆ. ಇನ್ನೊಂದು ಕಡೆ ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲೇ ಹೋದದ್ದರಿಂದ ಅವರ ಕವಿತೆ ಎಂದೋ ಎಲ್ಲರದ್ದಾಗಿದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕವಿತೆ 2024ರ ಜನವರಿ 1ರಿಂದ ಯಾರು ಬೇಕಾದರೂ ಹಾಡಬಹುದು. ಇದು ನನಗೆ ತುಂಬಾ ಖುಷಿ ಕೊಟ್ಟ ದಿನ. ಹೊಸ ರಾಗ ಹಾಕುವ ಹುಮ್ಮಸ್ಸಿರುವ ಹುಡುಗರು ಪೈಗಳನ್ನು ತೆರೆದು ನೋಡಬೇಕು.

ಅವಧಿ ಇನ್ನೂ ಇರುವ ಕವಿಗಳ ವಿಷಯದಲ್ಲಿ ಕುಟುಂಬದವರನ್ನೋ ಪ್ರತಿಷ್ಠಾನವನ್ನೋ ಪ್ರಕಾಶಕರನ್ನೋ ಕೇಳಿ, ಹಕ್ಕು ಯಾರ ಹತ್ತಿರ ಇದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಪ್ರಕಾಶಕರಿಗೆ ಪುಸ್ತಕ ಅಚ್ಚು ಹಾಕುವ ಹಕ್ಕು ಮಾತ್ರ ಇದ್ದು ಹಾಡಾಗಿಸುವ ಹಕ್ಕು ಮನೆಯವರಲ್ಲೇ ಉಳಿದಿರಬಹುದು. ಕೇಳುವಾಗ ಯಾವ ಕವಿತೆ, ಎಲ್ಲೆಲ್ಲಿ ಬಿಡುಗಡೆ, ದುಡ್ಡು ಬಂದರೆ ಎಷ್ಟು ಪಾಲು ಅಂತ ನೀವೇ ಬರೆದು ಕಳಿಸಿ. ಸಾಲು ಬಿಡುವುದು, ಪದ ಬದಲಿಸುವುದು ಇದ್ದರೆ ಅದನ್ನೂ ಹೇಳಿ. ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕು ಕವಿಗೆ ಮತ್ತು ಅವರ ಕಡೆಯವರಿಗೆ ಬೇರೆಯಾಗಿಯೇ ಇದೆ.

"ಶರೀಫರ ಪದ ಎಲ್ಲರ ಸೊತ್ತು ತಾನೇ? ಮತ್ತೆ ನನ್ನ ವೀಡಿಯೋಗೆ ಕ್ಲೇಮ್ ಯಾಕೆ ಬಂತು?"

ಕ್ಲೇಮ್ ಅಂದರೆ 'ಈ ಹಾಡಿನ ಹಕ್ಕು ನಮ್ಮದು' ಅಂತ ಯೂಟ್ಯೂಬಿನಲ್ಲಿ ಬೇರೆಯವರ ಹೆಸರಲ್ಲಿ ಬರುವ ತಕರಾರು. ಪದ ಎಲ್ಲರದ್ದು. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಯಾವುದಕ್ಕೂ ಯಾರ ಅನುಮತಿಯೂ ಬೇಡ. ಆದರೆ ನೀವು ಹಾಡಿದ ಟ್ಯೂನ್ ಯಾರದ್ದು? ಇವತ್ತು ನಮ್ಮ ನಾಲಿಗೆಯಲ್ಲಿರುವ ಶರೀಫರ ಎಷ್ಟೋ ಹಾಡುಗಳ ಧಾಟಿ ಸಿ. ಅಶ್ವಥ್ ಕೂಡಿಸಿದ್ದು. ಅವರು ಹೋದದ್ದು 2009ರಲ್ಲಿ. ಹಾಗಾಗಿ ಆ ಸಂಯೋಜನೆಗೆ 2069ರ ಕೊನೆವರೆಗೆ ರಕ್ಷಣೆ ಇದೆ. ಊರಲ್ಲಿ ಭಜನೆ ಮನೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಧಾಟಿ ಬಳಸಿದರೆ, ಅಥವಾ ನೀವೇ ಹೊಸದು ಕಟ್ಟಿದರೆ ತೊಂದರೆ ಇಲ್ಲ. ಆಗಲೂ ಯೂಟ್ಯೂಬಿನ ಯಂತ್ರ ತಪ್ಪಾಗಿ ಕ್ಲೇಮ್ ಹಾಕಿದರೆ ಡಿಸ್ಪ್ಯೂಟ್ ಕೊಡಿ, ಸಾಹಿತ್ಯ ಯಾವ ಕಾಲದ್ದು, ಧಾಟಿ ಯಾರದ್ದು ಅಂತ ಎರಡು ಸಾಲಿನಲ್ಲಿ ಬರೆಯಿರಿ.

"ಕವರ್ ಸಾಂಗ್ ಹಾಕಿದ್ದೀನಿ. ಕ್ರೆಡಿಟ್ ಕೊಟ್ಟಿದ್ದೀನಿ, ದುಡ್ಡೂ ಮಾಡ್ತಿಲ್ಲ. ಆದ್ರೂ ತಪ್ಪಾ?"

ಹೌದು, ಕವರ್ ಅಂದರೆ ಬೇರೆಯವರ ಹಾಡನ್ನು ನೀವು ಮತ್ತೆ ಹಾಡುವುದು, ಅನುಮತಿ ಇಲ್ಲದಿದ್ದರೆ ತಪ್ಪೇ. ಹೆಸರು ಹಾಕುವುದು ಸೌಜನ್ಯ, ಅನುಮತಿ ಅಲ್ಲ. ವೀಡಿಯೋ ಕೆಳಗೆ ಇಂಗ್ಲಿಷಿನಲ್ಲಿ 'ಕಾಪಿರೈಟ್ ಉಲ್ಲಂಘಿಸುವ ಉದ್ದೇಶ ಇಲ್ಲ' ಅಂತ ಬರೆಯುವ ಆ ಕ್ಷಮಾಪಣೆಯ ಸಾಲಿಗೂ ಕಾನೂನಿನ ಬೆಲೆ ಇಲ್ಲ.

ಯೂಟ್ಯೂಬಿನಲ್ಲಿ ಬಹಳಷ್ಟು ಕವರ್‌ಗಳು ಉಳಿದಿರುವುದು ಹಕ್ಕಿನವರು ಕ್ಲೇಮ್ ಹಾಕಿ ಜಾಹೀರಾತಿನ ದುಡ್ಡು ತಾವು ತೆಗೆದುಕೊಂಡು ಸುಮ್ನೆ ಬಿಟ್ಟಿರುವುದರಿಂದ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್‌ನಿಂದ ದುಡ್ಡು ಹೋಗುತ್ತದೆ. ಸ್ಟ್ರೈಕ್ ಅಂದರೆ ವೀಡಿಯೋ ತೆಗೆಸಿ ಕೊಡುವ ಎಚ್ಚರಿಕೆ, ಅದು 90 ದಿನದಲ್ಲಿ ಮೂರಾದರೆ ಚಾನೆಲ್ಲೇ ಹೋಗುತ್ತದೆ. ಕಾಯ್ದೆಯಲ್ಲಿ ಕವರ್‌ಗೆ ಶಾಸನಬದ್ಧ ಲೈಸೆನ್ಸ್ ಅಂತ ಒಂದು ದಾರಿ ಇದೆ ನಿಜ. ಆದರೆ ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ ಮುಂಗಡ ಕಟ್ಟಬೇಕು. ಕ್ಯಾಸೆಟ್ ಕಾಲಕ್ಕೆ ಹೊಲಿದ ಅಂಗಿ ಅದು, ಒಂಟಿ ಗಾಯಕರಿಗೆ ಆಗಿಬರುವುದಿಲ್ಲ. ಸಾಹಿತ್ಯ ಮತ್ತು ಟ್ಯೂನಿನ ಹಕ್ಕುದಾರರನ್ನು ನೇರವಾಗಿ ಕೇಳುವುದೇ ಸರಿ. ಕರೋಕೆ ಟ್ರ್ಯಾಕ್ ಬಳಸಿದರೆ ಅದು ಇನ್ನೊಬ್ಬರ ರೆಕಾರ್ಡಿಂಗ್, ಅದಕ್ಕೂ ಅನುಮತಿ ಬೇಕು.

"ಮದುವೆ, ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹಾಡಿದ್ರೆ ಲೈಸೆನ್ಸ್ ಬೇಕಾ?"

ಮದುವೆಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮವೂ ಅದರಲ್ಲಿ ಬರುತ್ತದೆ. ನಿಜವಾದ ಧಾರ್ಮಿಕ ವಿಧಿಗಳಿಗೂ ಹಾಗೇ. ಆದರೆ ಗಣೇಶನ ಪೆಂಡಾಲಿನ ಪಕ್ಕ ಪ್ರಾಯೋಜಕರ ಬ್ಯಾನರ್ ಕಟ್ಟಿ, ದುಡ್ಡು ಕೊಟ್ಟು ತಂಡ ಕರೆಸಿ, ಮೂರು ಗಂಟೆ ಸಿನಿಮಾ ಹಾಡಿನ ರಸಮಂಜರಿ ಮಾಡಿದರೆ ಅದನ್ನು ಪೂಜೆಯ ಭಾಗ ಅನ್ನುವುದು ಕಷ್ಟ. ಅಲ್ಲಿ ಲೈಸೆನ್ಸ್ ತೆಗೆದುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಮಾಡಿಸಬೇಕಾದವರು ಸಂಘಟಕರು ಅಂತ ನಿಮ್ಮ ಕರಾರಿನಲ್ಲಿ ಒಂದು ಸಾಲು ಹಾಕಿ. ಸಾಹಿತ್ಯ ಮತ್ತು ಟ್ಯೂನಿನ ಲೈಸೆನ್ಸ್ ಹಕ್ಕುದಾರರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಕಾಪಿರೈಟ್ ಸೊಸೈಟಿಯಾದ ಐಪಿಆರ್‌ಎಸ್ ಸಂಸ್ಥೆಯಿಂದ ಸಿಗುತ್ತದೆ.

ಧ್ವನಿವರ್ಧಕದ ನಿಯಮ ಇದಕ್ಕೆ ಸಂಬಂಧವಿಲ್ಲದ್ದು, ಎಲ್ಲರಿಗೂ ಅನ್ವಯಿಸುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಹಬ್ಬಗಳಿಗೆ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು.

"ಏಳು ಸೆಕೆಂಡಿಗಿಂತ ಕಡಿಮೆ ಬಳಸಿದ್ರೆ ಪರವಾಗಿಲ್ವಂತೆ? ರಾಗ ಒಂದೇ ಆದ್ರೆ ಕದ್ದಂಗಾ?"

ಸೆಕೆಂಡಿನ ಲೆಕ್ಕ ಶುದ್ಧ ಸುಳ್ಳು. ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಾಲ್ಕು ಸೆಕೆಂಡಿನ ಹುಕ್ (ಕಿವಿಯಲ್ಲಿ ಉಳಿಯುವ ತುಣುಕು) ಹಾಡಿನ ಜೀವ ಆಗಿದ್ದರೆ ಆ ನಾಲ್ಕು ಸೆಕೆಂಡೇ ಸಾಕು.

ರಾಗ ಯಾರ ಮನೆಯದ್ದೂ ಅಲ್ಲ. ಮೋಹನದಲ್ಲಿ ಸಾವಿರ ಹಾಡು ಬರಲಿ. ಆ ರಾಗದಲ್ಲಿ ಒಬ್ಬರು ಕಟ್ಟಿದ ನಿರ್ದಿಷ್ಟ ಸಂಚಾರ, ಜೋಡಣೆ ಅವರದ್ದು. 2022ರಲ್ಲಿ 'ಕಾಂತಾರ'ದ ವರಾಹರೂಪಂ ಹಾಡಿನ ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಕೋರ್ಟಿಗೆ ಹೋಯಿತಲ್ಲ, ವಾದ ನಡೆದದ್ದು ಇದೇ ಗೆರೆಯ ಮೇಲೆ. ಚಿತ್ರತಂಡ ಆರೋಪ ಒಪ್ಪಲಿಲ್ಲ. ಆದರೂ ಆಗ ತಡೆಯಾಜ್ಞೆ ಇದ್ದದ್ದರಿಂದ ಒಟಿಟಿಗೆ ಮೊದಲು ಬಂದಾಗ ಆ ಹಾಡು ಬೇರೆ ಟ್ಯೂನಿನಲ್ಲಿತ್ತು. ಸರಿ ಯಾರದ್ದು ಅಂತ ತೀರ್ಮಾನ ಆಗುವ ಮೊದಲೇ ಬಿಡುಗಡೆ ಹೀಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಹಾಡನ್ನು ರೆಫರೆನ್ಸ್ ಅಂತ ಮಾದರಿಯಾಗಿ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ನೆನಪಿಡಿ.

## ತಂಡ, ಹೆಸರು, ಪೇಮೆಂಟು

"ಬ್ಯಾಂಡ್ ಬಿಟ್ಟುಹೋದವನು ಅದೇ ಹೆಸರಲ್ಲಿ ಪ್ರೋಗ್ರಾಂ ಮಾಡ್ತಿದ್ದಾನೆ. ತಡೆಯೋಕೆ ಆಗುತ್ತಾ?"

ಹೆಸರಿಗೆ ಕಾಪಿರೈಟ್ ಇಲ್ಲ, ಟ್ರೇಡ್‌ಮಾರ್ಕ್ ಇದೆ. ಮನರಂಜನೆಯ ಸೇವೆಗೆ 41ನೇ ವರ್ಗದಲ್ಲಿ ಅರ್ಜಿ ಹಾಕಬೇಕು. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ. ನೋಂದಣಿ ಆದರೆ ಹತ್ತು ವರ್ಷ, ಮತ್ತೆ ನವೀಕರಿಸಬಹುದು. ಯಾರ ಹೆಸರಲ್ಲಿ ಹಾಕುತ್ತೀರಿ ಅನ್ನುವುದೇ ಜಗಳದ ಮೂಲ, ಅದನ್ನು ಮೊದಲು ತೀರ್ಮಾನಿಸಿ.

ನೋಂದಣಿ ಇಲ್ಲದಿದ್ದರೂ ವರ್ಷಗಟ್ಟಲೆ ಆ ಹೆಸರು ಬಳಸಿದ ಸಾಕ್ಷಿ ಇದ್ದರೆ ದಾವೆ ಹಾಕಬಹುದು. ಹಳೆಯ ಪೋಸ್ಟರ್, ಕರಪತ್ರ, ಬಿಲ್ ಎಲ್ಲ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಬರಹ ಇಲ್ಲದೆ ಲಾಭಕ್ಕಾಗಿ ಒಟ್ಟಿಗೆ ದುಡಿಯುವ ನಾಲ್ವರು 1932ರ ಪಾಲುದಾರಿಕೆ ಕಾಯ್ದೆಯ ಕಣ್ಣಿಗೆ ಪಾಲುದಾರರಾಗಿ ಕಾಣಬಹುದು. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು, ಸಾಲಕ್ಕೂ ಎಲ್ಲರೂ ಹೊಣೆ. ತಿಂಗಳಿಗೊಮ್ಮೆ ಬರುವ ಡ್ರಮ್ಮರ್‌ಗೂ ಸಮಪಾಲು ಅಂತ ನೀವು ಯಾವತ್ತೂ ಅಂದುಕೊಂಡಿರಲಿಲ್ಲ, ಅಲ್ವಾ? ಪಾಲುದಾರಿಕೆ ಪತ್ರ ಬರೆಸಿ, ನೋಂದಾಯಿಸಿ. ನೋಂದಣಿ ಇಲ್ಲದ ಸಂಸ್ಥೆ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ.

"ಪ್ರೋಗ್ರಾಂ ಮುಗಿದು ಆರು ತಿಂಗಳಾಯ್ತು. ಬಾಕಿ ಕೇಳಿದ್ರೆ ಫೋನೇ ಎತ್ತಲ್ಲ."

ತಡೆಯುವುದು ಸುಲಭ, ವಸೂಲಿ ಕಷ್ಟ. ಅರ್ಧ ಅಡ್ವಾನ್ಸ್, ಉಳಿದದ್ದು ವೇದಿಕೆ ಹತ್ತುವ ಮೊದಲು. ಈ ನಿಯಮ ಬಿಡಬೇಡಿ.

ಆದರೂ ಸಿಕ್ಕಿಹಾಕಿಕೊಂಡರೆ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ದಾರಿ ಇದೆ. ನಿಮ್ಮ ತಂಡವೋ ಸ್ಟುಡಿಯೋವೋ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದಲ್ಲಿರುವ 'ಉದ್ಯಮ್' ನೋಂದಣಿ ಮಾಡಿಸಿದ್ದರೆ ಅದು ಸೂಕ್ಷ್ಮ ಉದ್ಯಮ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ ಕೊಳ್ಳುವವರು 45 ದಿನ ಮೀರದಂತೆ ದುಡ್ಡು ಕೊಡಬೇಕು. ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರನ್ನು ಆನ್‌ಲೈನಲ್ಲೇ ಕೊಡಬಹುದು. ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಆಯಿತು, ಏಜೆಂಟಿಗೆ ದುಡ್ಡು ಕೊಡಬೇಡಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಡಿ, ಬಾಕಿ ಬಿದ್ದ ಮೇಲೆ ಮಾಡಿಸಿದರೆ ತಕರಾರು ಬರುತ್ತದೆ.

"ಜಿಎಸ್‌ಟಿ ನಮಗೂ ಬರುತ್ತಾ? ಟಿಡಿಎಸ್ ಅಂತ ಹತ್ತು ಪರ್ಸೆಂಟ್ ಹಿಡ್ಕೊಂಡ್ರು."

ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿಯ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗಿನ ಸಂಭಾವನೆಗೆ ತೆರಿಗೆಯೇ ಇಲ್ಲ. ಕಂಸಾಳೆ, ಡೊಳ್ಳು ತಂಡದವರು ಇದನ್ನು ಸಂಘಟಕರಿಗೆ ಧೈರ್ಯವಾಗಿ ಹೇಳಿ. ಸಿನಿಮಾ ಹಾಡಿನ ಆರ್ಕೆಸ್ಟ್ರಾಗೆ ಈ ವಿನಾಯಿತಿ ಸಿಗುವುದಿಲ್ಲ.

ಟಿಡಿಎಸ್ ಹೋದ ದುಡ್ಡಲ್ಲ, ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಮುಂಚೆ ಕಟ್ಟಿದ ತೆರಿಗೆ. ರಿಟರ್ನ್ ಹಾಕಿದರೆ ಹೆಚ್ಚಿನದು ವಾಪಸ್ ಬರುತ್ತದೆ. ಪ್ಯಾನ್ ಕೊಡದಿದ್ದರೆ 20 ಪರ್ಸೆಂಟ್ ಹಿಡಿಯುತ್ತಾರೆ.

"ಮಗಳು ರಿಯಾಲಿಟಿ ಶೋಗೆ ಆಯ್ಕೆ ಆಗಿದ್ದಾಳೆ. ಅವಳಿಂದ ಸಹಿ ಕೇಳ್ತಿದ್ದಾರೆ."

18 ತುಂಬದವರ ಸಹಿಗೆ ಬೆಲೆ ಇಲ್ಲ, ಒಪ್ಪಂದ ಪಾಲಕರ ಜೊತೆ ಆಗಬೇಕು. ಮಗುವಿಗೆ 14 ತುಂಬದಿದ್ದರೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ, ವಿಶ್ರಾಂತಿ ಇಲ್ಲದೆ 3 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆದಿರಬೇಕು. ಬರುವ ದುಡ್ಡಿನಲ್ಲಿ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಅನುಮತಿಯ ಪ್ರತಿ ಕೇಳಿ, ಸಂಕೋಚ ಬೇಡ.

## ಕಂಪನಿ, ಸಿನಿಮಾ, ಕೋರ್ಟು

"ಆಡಿಯೋ ಕಂಪನಿ ಅಗ್ರಿಮೆಂಟ್ ಕಳಿಸಿದೆ, 14 ಪುಟ ಇದೆ. ಏನು ನೋಡಲಿ?"

2007ರಲ್ಲಿ ನಾವು ನಾಲ್ವರು ಎಂಟು ಭಕ್ತಿಗೀತೆಗಳ ಸಿಡಿ ಮಾಡಿದೆವು. ಒಂದು ಕಂಪನಿ ಎರಡು ಪುಟದ ಕಾಗದ ಮತ್ತು 12 ಸಾವಿರ ರೂಪಾಯಿ ಕೊಟ್ಟಿತು. ಎಲ್ಲ ಹಕ್ಕು, ಎಲ್ಲ ಮಾಧ್ಯಮ, ಇಡೀ ಪ್ರಪಂಚ, ಶಾಶ್ವತ ಅಂತ ಅದರಲ್ಲಿತ್ತು. ನಾವು ಮೊತ್ತ ನೋಡಿ ಸಹಿ ಹಾಕಿದೆವು. ಆ ಹಾಡುಗಳು ಇವತ್ತಿಗೂ ಊರೂರ ದೇವಸ್ಥಾನಗಳಲ್ಲಿ ಬೆಳಗ್ಗೆ ಕೇಳುತ್ತವೆ, ಜನರ ಫೋನಿನಲ್ಲಿವೆ. ನಮಗೆ ಆಮೇಲೆ ಒಂದು ರೂಪಾಯಿಯೂ ಬರಲಿಲ್ಲ. ನಾನು ಕಾನೂನು ಓದಲು ಹೊರಟದ್ದೇ ಆ ಎರಡು ಪುಟದ ದೆಸೆಯಿಂದ.

ಹಾಗಾಗಿ ಮೊದಲು ನೋಡಬೇಕಾದದ್ದು ಇದು ಮನೆ ಬಾಡಿಗೆಗೆ ಕೊಟ್ಟ ಹಾಗೋ, ಕ್ರಯಕ್ಕೆ ಬರೆದುಕೊಟ್ಟ ಹಾಗೋ ಅಂತ. ಲೈಸೆನ್ಸ್ ಅಂದರೆ ಬಾಡಿಗೆ. ಅಸೈನ್‌ಮೆಂಟ್ ಅಂದರೆ ಕ್ರಯ. ಆಗುವಷ್ಟು ಬಾಡಿಗೆಗೇ ಕೊಡಿ.

ಆಮೇಲೆ ಅವಧಿ ಮತ್ತು ಪ್ರದೇಶ. ಅಸೈನ್‌ಮೆಂಟಿನಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷ ಅಂತ ತೆಗೆದುಕೊಳ್ಳುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೊಟ್ಟ ಹಕ್ಕನ್ನು ಅವರು ಒಂದು ವರ್ಷ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಇವೆಲ್ಲ ನಿಮ್ಮ ಪರವಾಗಿರುವುದರಿಂದಲೇ ಕಂಪನಿಯ ಕಾಗದದಲ್ಲಿ ಇವನ್ನು ಬದಿಗೊತ್ತುವ ಸಾಲು ಇದ್ದೇ ಇರುತ್ತದೆ, ಹುಡುಕಿ.

ರಾಯಲ್ಟಿ ಎಷ್ಟು ಪರ್ಸೆಂಟ್ ಅನ್ನುವುದಕ್ಕಿಂತ ಯಾವುದರ ಪರ್ಸೆಂಟ್ ಅನ್ನುವುದು ಮುಖ್ಯ. ಖರ್ಚು ಕಳೆದು ಉಳಿದದ್ದರಲ್ಲಿ 50 ಅಂದರೆ, ಆ ಖರ್ಚಿಗೆ ಮಿತಿ ಇಲ್ಲದಿದ್ದರೆ, ನಿಮಗೆ ಸಿಗುವುದು ಸೊನ್ನೆ ಇರಬಹುದು. ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು, ಬೇಕಾದರೆ ಪುಸ್ತಕ ತೋರಿಸಬೇಕು ಅಂತ ಸೇರಿಸಿ. ಹಾಡು ಸ್ವಂತದ್ದು ಅಂತ ನಿಮ್ಮಿಂದ ಬರೆಸಿಕೊಳ್ಳುವುದು ನ್ಯಾಯ. ಆದರೆ ಯಾರೇ ಕೇಸು ಹಾಕಿದರೂ ಪೂರ್ತಿ ಖರ್ಚು ನಿಮ್ಮದು ಅನ್ನುವ ಸಾಲನ್ನು ಹಾಗೇ ಒಪ್ಪಬೇಡಿ. ಒಪ್ಪಂದ ಮುಗಿದ ಮೇಲೂ ಇಷ್ಟು ವರ್ಷ ಬೇರೆಯವರಿಗೆ ಹಾಡಬಾರದು ಅನ್ನುವ ಷರತ್ತು ನಮ್ಮಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ.

"ಸಿನಿಮಾಗೆ ಹಾಡು ಬರೆದು ಒಟ್ಟು ಮೊತ್ತ ತಗೊಂಡಾಯ್ತು. ಇನ್ನೇನೂ ಬರಲ್ಲ ಅಲ್ವಾ?"

ಬರುತ್ತದೆ. 2012ರ ಜೂನ್ 21ರಿಂದ ಜಾರಿಯಾದ ತಿದ್ದುಪಡಿ ಇದನ್ನೇ ಬದಲಿಸಿತು. ಹಕ್ಕು ವರ್ಗಾಯಿಸಿದರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತರಚನೆಕಾರರಾಗಲಿ ಸಂಗೀತ ಸಂಯೋಜಕರಾಗಲಿ ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಬಿಟ್ಟಿದ್ದೇನೆ ಅಂತ ಸಹಿ ಹಾಕಿದ್ದರೂ ಆ ಮಾತು ಅಸಿಂಧು. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಕೇಳಿಸುವುದಕ್ಕೆ ಮಾತ್ರ ಇದು ಇಲ್ಲ. ರೇಡಿಯೋ, ಟಿವಿ, ಆ್ಯಪ್, ಹೋಟೆಲ್, ವೇದಿಕೆ ಎಲ್ಲ ಕಡೆಯ ಬಳಕೆಗೂ ಇದೆ.

ಆದರೆ ದುಡ್ಡು ಮನೆ ಹುಡುಕಿಕೊಂಡು ಬರುವುದಿಲ್ಲ. ಐಪಿಆರ್‌ಎಸ್ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. 1969ರಲ್ಲಿ ಶುರುವಾದ ಈ ಸಂಸ್ಥೆ 2017ರಲ್ಲಿ ತಿದ್ದುಪಡಿಯಾದ ಕಾಯ್ದೆಯಡಿ ಮತ್ತೆ ನೋಂದಣಿ ಪಡೆಯಿತು. ನಮ್ಮ ಕನ್ನಡದ ಹಿರಿಯ ಗೀತರಚನೆಕಾರರ ಎಷ್ಟೋ ಮನೆಯವರಿಗೆ ಇದರ ಸುದ್ದಿಯೇ ಮುಟ್ಟಿಲ್ಲ. ತಂದೆಯೋ ತಾತನೋ ಸಿನಿಮಾ ಹಾಡು ಬರೆದಿದ್ದರೆ ವಾರಸುದಾರರಾಗಿ ನೀವೂ ವಿಚಾರಿಸಿ.

"ನಾನು ಹಾಡಿದ್ದು ಮಾತ್ರ. ನನಗೂ ರಾಯಲ್ಟಿ ಇದೆಯಾ?"

ಇದೆ. ಅದೇ 2012ರ ತಿದ್ದುಪಡಿ ಪ್ರದರ್ಶಕರಿಗೂ ವಾಣಿಜ್ಯ ಬಳಕೆಗೆ ರಾಯಲ್ಟಿ ಕೊಟ್ಟಿತು. ಈ ಹಕ್ಕು 50 ವರ್ಷ ಇರುತ್ತದೆ. ಗಾಯಕರ ಪರವಾಗಿ ವಸೂಲಿ ಮಾಡುವ ಸೊಸೈಟಿ 2013ರಲ್ಲಿ ನೋಂದಣಿ ಆಯಿತು, ಈಗ ಅದರ ಹೆಸರು ಇಸಮ್ರಾ. ಬಿಡುಗಡೆಯಲ್ಲಿ ನಿಮ್ಮ ಹೆಸರು ಸರಿಯಾಗಿ ಬರಬೇಕು, ನಿಮ್ಮ ಧ್ವನಿಯನ್ನು ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಬಾರದು ಅನ್ನುವುದೂ ನಿಮ್ಮ ಹಕ್ಕು.

"ಎಐ ಬಳಸಿ ನನ್ನ ದನಿಯಲ್ಲಿ ಬೇರೆ ಹಾಡು ಹಾಡಿಸಿದ್ದಾರೆ. ನನ್ನ ದನಿ ನನ್ನದಲ್ವಾ?"

ನಿಮ್ಮದೇ. 2024ರ ಜುಲೈಯಲ್ಲಿ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಅವರ ಹೆಸರು, ದನಿಯನ್ನು ಅನುಮತಿ ಇಲ್ಲದೆ ಎಐನಿಂದ ನಕಲು ಮಾಡುವುದನ್ನು ತಡೆಯಿತು. ಅದು ಹೆಸರಾಂತ ಗಾಯಕರ ವಿಷಯ. ಸಣ್ಣ ಗಾಯಕರು ಅಗ್ರಿಮೆಂಟಿನಲ್ಲೇ "ನನ್ನ ದನಿಯನ್ನು ಎಐ ತರಬೇತಿಗೆ, ನಕಲಿಗೆ ಬಳಸುವಂತಿಲ್ಲ" ಅಂತ ಸೇರಿಸುವುದು ಈಗ ಅಗತ್ಯ. ಡಬ್ಬಿಂಗ್ ಮಾಡುವವರಿಗೂ ಇದೇ ಮಾತು.

"ನನ್ನ ಹಾಡು ಕದ್ದು ಅವರ ಹೆಸರಲ್ಲಿ ಬಿಟ್ಟಿದ್ದಾರೆ. ಈಗ ಏನ್ ಮಾಡ್ಲಿ?"

ಮೊದಲ ದಿನ ಫೇಸ್‌ಬುಕ್‌ನಲ್ಲಿ ಬೈಯಬೇಡಿ. ಅವರು ಅಳಿಸಿಬಿಟ್ಟರೆ ಸಾಕ್ಷಿಯೇ ಹೋಗುತ್ತದೆ, ಜೊತೆಗೆ ಮಾನನಷ್ಟದ ಕೇಸು ನಿಮ್ಮ ಮೇಲೆ ಬರಬಹುದು. ಲಿಂಕ್, ತಾರೀಖು, ವೀಕ್ಷಣೆಯ ಸಂಖ್ಯೆ ಕಾಣುವ ಹಾಗೆ ಸ್ಕ್ರೀನ್ ರೆಕಾರ್ಡ್ ಮಾಡಿ. ನಿಮ್ಮ ಹಳೆಯ ಪ್ರಾಜೆಕ್ಟ್ ಫೈಲು ಪಕ್ಕದಲ್ಲಿಡಿ. ಆಮೇಲೆ ಆ್ಯಪಿನವರಿಗೆ ತೆಗೆಯಲು ದೂರು ಕೊಡಿ, ವಕೀಲರಿಂದ ನೋಟಿಸ್ ಕಳಿಸಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಜಗಳ ನೋಟಿಸಿನಲ್ಲೇ ಮುಗಿಯುತ್ತದೆ, ಹೆಸರು ಸರಿಮಾಡಿ ಪಾಲು ಕೊಡಲು ಒಪ್ಪುತ್ತಾರೆ.

ಒಪ್ಪದಿದ್ದರೆ ದಾವೆ. ಕದ್ದವರು ಮುಂಬೈಯಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು, ಕಾಪಿರೈಟ್ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು. ಮೊತ್ತ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವಾಣಿಜ್ಯ ವ್ಯಾಜ್ಯ. ತುರ್ತಾಗಿ ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಬೇಕೆಂದೇ ಕದ್ದದ್ದಾದರೆ ಪೊಲೀಸ್ ದೂರನ್ನೂ ಕೊಡಬಹುದು. ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ. ಇದು ಜಾಮೀನು ರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇಬ್ಬರು ಸ್ನೇಹಿತರ ನಡುವಿನ ಜಗಳಕ್ಕೆ ಮಾತ್ರ ಈ ಅಸ್ತ್ರ ಬೇಡ ಅಂತಲೇ ನಾನು ಹೇಳುವುದು. ನಷ್ಟ ಕೇಳುವ ದಾವೆಗೆ ಮೂರು ವರ್ಷದ ಮಿತಿ ಇದೆ. ಹಾಡು ಕದ್ದದ್ದು ಕಣ್ಣಿಗೆ ಬಿದ್ದ ದಿನದ ತಾರೀಖನ್ನು ಅವತ್ತೇ ಬರೆದಿಟ್ಟುಕೊಳ್ಳಿ.